ಕೊಳದ ಮೀನು ಮತ್ತು ಸಾಕುವವನ ಹೊಣೆ

ಮನೆಯಂಗಳದ ಕೊಳದಲ್ಲಿ ಬಣ್ಣದ ಮೀನು ಸಾಕುವ ಬಂಧುಗಳು ನಮ್ಮಲ್ಲಿ ಹಲವರಿದ್ದಾರೆ. ತಂದಾಗ ಬೆರಳುದ್ದವಿದ್ದ ಕೋಯಿ ಮೀನು ಕೆಲವು ವರ್ಷಗಳಲ್ಲಿ ಮೊಳದುದ್ದ ಬೆಳೆಯುತ್ತದೆ, ಕೊಳವು ಬೆಳೆಯುವುದಿಲ್ಲ. ನೀರು ಕೆಟ್ಟಾಗ ಇನ್ನೊಂದು ಶೋಧಕವನ್ನು ಜೋಡಿಸಿದರೆ ನಮ್ಮ ಕರ್ತವ್ಯ ಮುಗಿಯಿತೇ?

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತವೆ. ಶೋಧಕದೊಳಗೆ ನೆಲೆಸಿದ ಸೂಕ್ಷ್ಮಾಣುಗಳು ಆ ವಿಷವನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೇವನ್ನು ತಗ್ಗಿಸಿ, ಕ್ಲೋರಿನ್ ಕಳೆದ ನೀರನ್ನು ಆಗಾಗ ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಿರಬೇಕು.

ಆದರೆ ಶೋಧಕವು ಮೀನಿಗೆ ಈಜುವ ಜಾಗವನ್ನು ಕೊಡದು. ಆ ಸೂಕ್ಷ್ಮಾಣುಗಳಿಗೂ ಆಮ್ಲಜನಕ ಬೇಕು. ಬೇಸಿಗೆಯ ರಾತ್ರಿ ವಿದ್ಯುತ್ ನಿಂತರೆ ಕಿಕ್ಕಿರಿದ ಕೊಳದ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತವೆ. ಮೀನಿನ ಸಂಖ್ಯೆ ತಗ್ಗಿಸದೆ ಶೋಧಕ ಹೆಚ್ಚಿಸುವುದು, ಅಸಲು ತೀರಿಸದೆ ಬಡ್ಡಿಯನ್ನಷ್ಟೇ ಕಟ್ಟಿದಂತೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೇರುವುದು ದೋಷವೆಂದು ಬಲ್ಲ ನಾವು, ಕೊಳದಲ್ಲಿ ಮಿತಿಮೀರಿ ತುಂಬುವುದನ್ನೂ ಹಾಗೆಯೇ ಕಾಣಬೇಕು. ಹೆಚ್ಚಾದವನ್ನು ಕೆರೆಗೆ ಬಿಡುವುದೂ ದಯೆಯಲ್ಲ. ಹೊರನಾಡಿನ ಮೀನು ಅಲ್ಲಿನ ಜೀವಿಗಳಿಗೆ ರೋಗವನ್ನೂ ಪೈಪೋಟಿಯನ್ನೂ ತರಬಲ್ಲದು.

ಆದ್ದರಿಂದ ಇರುವ ಮೀನುಗಳ ರಕ್ಷಣೆಗಾಗಿ ಶೋಧಕವನ್ನು ಅವಶ್ಯವಾಗಿ ಜೋಡಿಸೋಣ. ವಿಶಾಲ ಕೊಳವುಳ್ಳವರು ಸಾಕಲು ಒಪ್ಪಿದರೆ ಕೆಲವನ್ನು ಅವರಿಗೆ ಒಪ್ಪಿಸೋಣ. ನೀರು ತಿಳಿಯಾಯಿತೆಂದು ಮತ್ತೆ ಮೀನು ತಂದು ತುಂಬಿದರೆ, ದಯೆಗಾಗಿ ತಂದ ಶೋಧಕವು ಲೋಭದ ಸಾಧನವಾದೀತು.