‘ಎಂದು’ ಎಂಬ ಮಾತೂ ‘ಯಾಕೆ’ ಎಂಬ ಪ್ರಶ್ನೆಯೂ

ಮನುಷ್ಯನು ಮಾಡಿದ ಕೆಲಸವನ್ನು ಕಣ್ಣಿನಿಂದ ನೋಡಬಹುದು. ಅವನು ಅದನ್ನು ಯಾವ ಉದ್ದೇಶದಿಂದ ಮಾಡಿದನೆಂಬದನ್ನು ನೋಡುವದು ನೆರೆಯವರಿಂದ ಆಗದು. ಆದರೂ ನಾವು ಒಬ್ಬರಿಗೊಬ್ಬರು ಕೊಡುವ ಹೊಗಳಿಕೆಯೂ ನಿಂದೆಯೂ, ಊರ ಪಂಚಾಯಿತಿಯ ತೀರ್ಪೂ, ಕೋರ್ಟಿನ ಶಿಕ್ಷೆಯೂ ಬಹುಮಟ್ಟಿಗೆ ಈ ಕಾಣದ ಸಂಗತಿಯ ಮೇಲೆಯೇ ನಿಂತಿರುತ್ತವೆ. ಹೀಗಿರುವದರಿಂದ ಅದನ್ನು ಹೇಳತಕ್ಕ ಮಾತುಗಳು ನಮ್ಮ ಭಾಷೆಯಲ್ಲಿ ಹೇಗಿವೆ, ಪರಭಾಷೆಯಿಂದ ಅವುಗಳನ್ನು ತರುವವರಿಗೆ ಯಾವ ತೊಡಕುಂಟಾಗುತ್ತದೆ ಎಂಬದನ್ನು ಪ್ರಿಯ ವಾಚಕರೊಂದಿಗೆ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

೧೮೧೦ನೆಯ ಇಸವಿಯಲ್ಲಿ ಬಳ್ಳಾರಿಯಲ್ಲಿ ಕೆಲಸವನ್ನಾರಂಭಿಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಸತ್ಯವೇದವನ್ನು ಕನ್ನಡಕ್ಕೆ ತರುವದರಲ್ಲಿ ಬಹಳ ವರುಷಗಳ ವರೆಗೆ ಶ್ರಮಪಟ್ಟರು. ೧೮೩೧ರ ಹೊತ್ತಿಗೆ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ತರುವಾಯ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದುವ ಕೆಲಸದಲ್ಲಿ ಕೈಹಾಕಿದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ದೊಡ್ಡ ನಿಘಂಟು ಹೊರಬಿತ್ತು. ಇವರೆಲ್ಲರೂ ಎದುರಿಸಬೇಕಾದ ಕಷ್ಟಗಳಲ್ಲಿ ಇದೂ ಒಂದು. ಮರ, ಕಲ್ಲು, ನೀರು ಎಂಬವುಗಳಿಗೆ ಎಲ್ಲಾ ಭಾಷೆಗಳಲ್ಲಿಯೂ ಹೆಸರುಂಟು. ಮನಸ್ಸಿನೊಳಗಿನ ಕೆಲಸಗಳನ್ನಾದರೋ ಒಂದೊಂದು ಜನಾಂಗವು ಒಂದೊಂದು ಬಗೆಯಾಗಿ ಪಾಲುಮಾಡಿಕೊಂಡಿರುತ್ತದೆ.

ನಮ್ಮಲ್ಲಿ ಇದಕ್ಕೆ ಮಾತುಗಳ ಬಡತನವೇನೂ ಇಲ್ಲ. ಉದ್ದೇಶವೆಂಬದು ಬೊಟ್ಟುಮಾಡಿ ತೋರಿಸುವದೆಂಬ ಅರ್ಥದ ಧಾತುವಿನಿಂದ ಬಂದದ್ದು. ಅಭಿಪ್ರಾಯವೆಂಬ ಮಾತಿಗೆ ಸಂಸ್ಕೃತದಲ್ಲಿ ಮನಸ್ಸಿನ ಗುರಿಯೆಂಬ ಅರ್ಥವೇ ಮುಖ್ಯವಾಗಿದ್ದರೂ ಈಗ ಕನ್ನಡದಲ್ಲಿ ಹೆಚ್ಚಾಗಿ ಒಬ್ಬನ ಎಣಿಕೆಗೆ ತೋರಿದ ಮತವೆಂಬ ಅರ್ಥವು ಬಂದಿದೆ. ಪ್ರಯೋಜನವೂ ಹಾಗೆಯೇ, ಅಲ್ಲಿ ಉದ್ದೇಶ, ಇಲ್ಲಿ ಉಪಯೋಗ. ಸಂಕಲ್ಪವೆಂದರೆ ಪೂಜೆಗೆ ಮೊದಲು ಕೈಯಲ್ಲಿ ನೀರು ಹಿಡಿದು, ದೇಶಕಾಲಗಳನ್ನೂ ಹೆಸರನ್ನೂ ಹೇಳಿ ಮಾಡುವ ನಿಶ್ಚಯವೆಂದು ನಮ್ಮ ನೆರೆಹೊರೆಯವರು ಬಲ್ಲರು. ಆ ಮಾತನ್ನೇ ನಮ್ಮ ಭಾಷಾಂತರಕಾರರು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ದೇವರ ನಿರ್ಣಯಕ್ಕಾಗಿ ತೆಗೆದುಕೊಂಡರು. ಚಿತ್ತವೆಂಬದು ಅರಮನೆಗಳಲ್ಲಿ ಓಡಾಡಿದ ಮಾತು. ದೊಡ್ಡವರನ್ನು ‘ಚಿತ್ತೈಸಬೇಕು’ ಎಂದು ಬಿನ್ನೈಸಿಕೊಳ್ಳುವ ಕ್ರಮವು ಅದರಿಂದಲೇ ಹುಟ್ಟಿತು. ಅಚ್ಚಗನ್ನಡದಲ್ಲಿ ಬಗೆ ಇದೆ, ಎಣಿಕೆ ಇದೆ, ಗುರಿ ಇದೆ.

ಇಷ್ಟು ಮಾತುಗಳಿರುವದೇ ಒಂದು ಶೋಧನೆ. ಯಾಕಂದರೆ ದೊಡ್ಡವನ ಉದ್ದೇಶಕ್ಕೆ ದೊಡ್ಡ ಮಾತನ್ನೂ ಕೆಟ್ಟವನ ಉದ್ದೇಶಕ್ಕೆ ಕೀಳು ಮಾತನ್ನೂ ಹಾಕುವದು ನಮ್ಮ ವಾಡಿಕೆ. ರಾಜನದು ಚಿತ್ತ, ಕಳ್ಳನದು ಹುನ್ನಾರ. ಯೋಸೇಫನ ಕಥೆಯ ಕೊನೆಯನ್ನು ನೋಡಿರಿ. ಅಣ್ಣಂದಿರು ತನಗೆ ಕೇಡನ್ನು ಎಣಿಸಿದರೆಂದೂ ದೇವರು ಅದೇ ಸಂಗತಿಯಲ್ಲಿ ಒಳ್ಳೇದನ್ನು ಎಣಿಸಿದನೆಂದೂ ಅವನು ಹೇಳುವಾಗ ಇಬ್ರಿಯ ಮೂಲದಲ್ಲಿ ಎರಡು ಕಡೆಯೂ ‘ಹಾಷಬ್’ ಎಂಬ ಒಂದೇ ಕ್ರಿಯಾಪದವಿದೆ. ಲೆಕ್ಕಹಾಕುವದಕ್ಕೂ ಆ ಭಾಷೆಯಲ್ಲಿ ಅದೇ ಮಾತು; ನಮ್ಮ ‘ಎಣಿಸು’ ಅದಕ್ಕೆ ಬಹಳ ಹತ್ತಿರವಾಗಿದೆ. ಗೌರವಕ್ಕೋಸ್ಕರ ಒಂದು ಕಡೆ ಸಂಕಲ್ಪವೆಂದೂ ಇನ್ನೊಂದು ಕಡೆ ಹುನ್ನಾರವೆಂದೂ ಬರೆದರೆ ಕೇಳುವವರಿಗೆ ಅಲಂಕಾರವಾಗಿ ತೋರಬಹುದು. ಆದರೆ ಒಂದೇ ಸಂಗತಿಯ ಮೇಲೆ ಎರಡು ಎಣಿಕೆಗಳು ಬಿದ್ದವೆಂಬ ಯೋಸೇಫನ ಮಾತಿನ ಬಲವು ಹೋಗಿಬಿಡುತ್ತದೆ. ಗೌರವವು ಕೆಲವು ವೇಳೆ ಅರ್ಥವನ್ನು ಕೆಡಿಸುತ್ತದೆಂದೇ ನಮ್ಮ ಎಣಿಕೆ.

ಈ ನಾಮಪದಗಳೆಲ್ಲಾ ಓದಿದವರ ಬಾಯಲ್ಲಿರುತ್ತವೆ. ಹೊಲದಲ್ಲಿ ಕೆಲಸಮಾಡುವವನು ತನ್ನ ಉದ್ದೇಶವನ್ನು ಹೇಳುವದು ಹೇಗೆ? ‘ನಾಳೆ ಬಿತ್ತಬೇಕೆಂದಿದ್ದೇನೆ’ ಅನ್ನುತ್ತಾನೆ. ‘ಬೇಕೆಂದೇ ಮಾಡಿದನು’ ಎಂದು ನೆರೆಯವನ ಮೇಲೆ ದೂರು ಹೇಳುತ್ತಾನೆ. ಇಲ್ಲಿ ‘ಎಂದು’ ಎಂಬದು ‘ಅನ್ನು’ ಎಂಬ ಕ್ರಿಯಾಪದದ ರೂಪ. ಹಾಗಾದರೆ ನಮ್ಮ ಭಾಷೆಯ ಪ್ರಕಾರ ಉದ್ದೇಶವೆಂಬದು ಮನುಷ್ಯನು ತನ್ನೊಳಗೆ ತಾನೇ ಆಡಿಕೊಂಡ ಒಂದು ಮಾತು. ಇಂಗ್ಲಿಷಿನವರ ‘ಇಂಟೆನ್ಷನ್’ ಎಂಬದು ಬಿಲ್ಲಿನ ಹೆದೆಯಂತೆ ಮನಸ್ಸನ್ನು ಒಂದು ಕಡೆಗೆ ಎಳೆದು ಚಾಚುವದೆಂಬ ಲತೀನ್ ಮಾತಿನಿಂದ ಬಂತು. ಅವರದು ಚಾಚುವದು, ನಮ್ಮದು ಅನ್ನುವದು.

ಇದರಿಂದ ಒಂದು ಲಾಭವುಂಟು. ತಾಂಡವಪುರದ ಸುತ್ತಣ ನಂಜನಗೂಡು ಸೀಮೆಯಲ್ಲಿಯೂ ಸಂಗಮದ ಕಡೆಯ ತಿರುಮಕೂಡಲು ನರಸೀಪುರದ ಬಯಲಿನಲ್ಲಿಯೂ ನೀರಾವರಿ ಭೂಮಿಯುಳ್ಳವರಿಗೆ ಹೊಸದಲ್ಲದ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ರಾತ್ರಿ ಮಳೆ ಹೊಯ್ದು ಒಬ್ಬನ ಗದ್ದೆ ತುಂಬಿತು. ಅವನು ಬದುವನ್ನು ಕಡಿದು ನೀರನ್ನು ಕೆಳಕ್ಕೆ ಬಿಟ್ಟನು. ಕೆಳಗಿನ ಗದ್ದೆಯವನ ಎಳೇ ಸಸಿಮಡಿ ಮುಳುಗಿ ಕೊಳೆತುಹೋಯಿತು. ಬೆಳಿಗ್ಗೆ ಪಂಚಾಯಿತಿ ಸೇರಿದಾಗ ಮೇಲಿನವನು, ‘ಅಣ್ಣಾ, ನಿನ್ನ ಸಸಿ ಕೊಳೆಯಲಿ ಎಂದು ನಾನು ಬದು ಕಡಿಯಲಿಲ್ಲ, ನನ್ನ ಪೈರು ಉಳಿಯಲಿ ಎಂದು ಕಡಿದೆ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲವೆಂದೇ ಇಟ್ಟುಕೊಳ್ಳಿರಿ. ಆದರೆ ನೀರು ಎಲ್ಲಿಗೆ ಹರಿಯುವದೆಂದು ಅವನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಹಾಗಾದರೆ ಅವನು ಬೇಕೆಂದು ಮಾಡಿದನೋ, ಇಲ್ಲವೋ?

ವಿದ್ವಾಂಸರು ಇದರ ವಿಷಯವಾಗಿ ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. ೧೮೬೦ರಲ್ಲಿ ಮಾಡಲ್ಪಟ್ಟ ಭಾರತೀಯ ದಂಡ ಸಂಹಿತೆಯು ಉದ್ದೇಶವನ್ನೂ ತಿಳಿವಳಿಕೆಯನ್ನೂ ಎರಡು ಬೇರೆ ಮಾತುಗಳಾಗಿ ಇಟ್ಟಿತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹಾಗೆಯೇ ಇಟ್ಟಿದೆ. ಆದರೆ ಪರರ ಸ್ವತ್ತನ್ನು ಕೆಡಿಸುವ ಅಪರಾಧದಲ್ಲಿ, ನಷ್ಟವಾಗಲೆಂಬ ಉದ್ದೇಶವಿದ್ದರೂ ಸರಿ, ನಷ್ಟವಾಗುವ ಸಂಭವವುಂಟೆಂಬ ತಿಳಿವಳಿಕೆ ಇದ್ದರೂ ಸರಿ, ಅಪರಾಧವೇ ಎಂದು ಎರಡು ಕಾನೂನುಗಳೂ ಹೇಳುತ್ತವೆ. ಡೆನ್ಮಾರ್ಕ್ ದೇಶದ ನ್ಯಾಯಶಾಸ್ತ್ರದಲ್ಲಿ ‘ಫೊರ್ಸೆಟ್’ ಎಂಬ ಮಾತಿದೆ. ಒಬ್ಬನು ಬಯಸಿದ್ದು ಮಾತ್ರವಲ್ಲದೆ, ಬಹುತೇಕ ಆಗಿಯೇ ಆಗುವದೆಂದು ತಿಳಿದು ಮಾಡಿದ್ದೂ ಅದರೊಳಗೆ ಸೇರುತ್ತದೆ. ಬರೀ ಗುರಿಗೆ ಅವರು ‘ಹೆನ್ಸಿಕ್ಟ್’ ಅನ್ನುತ್ತಾರೆ. ಇಂಗ್ಲಿಷಿನ ಒಂದು ಮಾತನ್ನು ಆ ಭಾಷೆಗೆ ತರುವವನು ಈ ಎರಡರಲ್ಲಿ ಯಾವದೆಂದು ಮೊದಲು ವಿಚಾರಿಸಿಕೊಳ್ಳಬೇಕು. ಇಲ್ಲದಿದ್ದರೆ ನಿರಪರಾಧಿಯು ಅಪರಾಧಿಯಾದಾನು.

ನಮ್ಮ ರೈತನಿಗೆ ಈ ನಾಮಪದಗಳು ಬೇಕಾಗಿಲ್ಲ. ‘ಆಗಲಿ ಎಂದು ಮಾಡಿದನು’, ‘ಆದರೆ ಆಗಲಿ ಎಂದು ಮಾಡಿದನು’, ‘ಆಗದೆಂದು ಮಾಡಿದನು’, ‘ಕೈತಪ್ಪಿ ಆಯಿತು’ ಎಂಬ ನಾಲ್ಕು ಮಾತುಗಳು ಅವನ ಬಾಯಲ್ಲಿಯೇ ಇವೆ. ಮೊದಲನೆಯದು ಹಗೆ. ಎರಡನೆಯದು ಹಗೆಯಲ್ಲ, ಆದರೂ ಅದು ನೆರೆಯವನನ್ನು ಲೆಕ್ಕಕ್ಕೆ ತಾರದಿರುವದು. ಬದು ಕಡಿದವನು ‘ಆಗಲಿ’ ಅನ್ನಲಿಲ್ಲವೆಂಬದು ನಿಜ. ‘ಆದರೆ ಆಗಲಿ’ ಅಂದನೋ? ಅದನ್ನು ಕೇಳುವದೇ ಪಂಚಾಯಿತಿಯ ಕೆಲಸ. ಅವನು ಕೆಳಗಿನವನ ಬಾಗಿಲನ್ನು ತಟ್ಟಿ ಎಬ್ಬಿಸಿದನೋ, ನೀರಿಗೆ ಬೇರೆ ದಾರಿ ಇತ್ತೋ, ಇದ್ದರೆ ಯಾಕೆ ಬಿಟ್ಟನು, ಇವೆಲ್ಲಾ ಆ ಒಳಗಿನ ಮಾತಿಗೆ ಹೊರಗಿನ ಗುರುತುಗಳು. ‘ನಾನು ಬೇಕೆಂದು ಮಾಡಲಿಲ್ಲ’ ಎಂಬ ಉತ್ತರವನ್ನು ನಾವು ಬಹು ಸುಲಭವಾಗಿ ಪೂರ್ಣ ಬಿಡುಗಡೆಯಾಗಿ ಎಣಿಸುತ್ತೇವೆ. ಅದು ಅರ್ಧ ಉತ್ತರವೇ. ಸಭೆಯಲ್ಲಿ ಚಾಡಿಯನ್ನು ಹರಡಿದವನೂ, ತೀರಿಸಲಾರೆನೆಂದು ತಿಳಿದೇ ಸಾಲ ತೆಗೆದವನೂ ಇದೇ ಅರ್ಧದ ಹಿಂದೆ ಅಡಗಿಕೊಳ್ಳುತ್ತಾರೆ.

ಇನ್ನು ಎರಡನೆಯ ತೊಡಕಿಗೆ ಬರುತ್ತೇವೆ. ಇದು ಮೊದಲನೆಯದಕ್ಕಿಂತ ಆಳವಾದದ್ದು. ಒಬ್ಬನು ತಾಂಡವಪುರದಿಂದ ನಂಜನಗೂಡಿಗೆ ಹೋದನು; ಔಷಧಿಗೆ ಹೋದನು; ಬಿಸಿಲಿಗೆ ಬಳಲಿದನು. ಮೊದಲನೆಯ ‘ಗೆ’ ಸ್ಥಳವನ್ನೂ, ಎರಡನೆಯದು ಉದ್ದೇಶವನ್ನೂ, ಮೂರನೆಯದು ಕಾರಣವನ್ನೂ ತೋರಿಸುತ್ತದೆ. ಮೂರಕ್ಕೂ ಒಂದೇ ಪ್ರತ್ಯಯ. ಆದದರಿಂದಲೇ ನಾವು ಕೇಳುವ ‘ಯಾಕೆ’ ಎಂಬ ಪ್ರಶ್ನೆಗೂ ಎರಡು ಮುಖಗಳುಂಟಾದವು. ಗೋಡೆ ಯಾಕೆ ಬಿತ್ತೆಂದರೆ ಮಳೆಗೆ. ಸಂತೆಗೆ ಯಾಕೆ ಹೋದೆಯೆಂದರೆ ಉಪ್ಪಿಗೆ. ಗೋಡೆಗೆ ಉದ್ದೇಶವಿಲ್ಲ, ಕಾರಣ ಮಾತ್ರವುಂಟು. ಇದರಲ್ಲಿ ಯಾರೂ ತಪ್ಪುವದಿಲ್ಲ.

ಆದರೆ ಜ್ವರದಿಂದ ಮಗುವನ್ನು ಕಳಕೊಂಡ ತಾಯಿಯು ‘ಯಾಕೆ ಹೀಗಾಯಿತು’ ಎಂದು ಅಳುವಾಗ ಯಾವ ‘ಯಾಕೆ’ಯನ್ನು ಕೇಳುತ್ತಾಳೆ? ವೈದ್ಯನು ಕಾರಣವನ್ನು ಹೇಳಬಲ್ಲನು: ನೀರು ಕೆಟ್ಟಿತ್ತು, ಔಷಧಿ ತಡವಾಯಿತು. ಅವಳು ಕೇಳಿದ್ದು ಅದಲ್ಲ. ಆಗ ನೆರೆಹೊರೆಯವರು ಮುಂದೆ ಬಂದು ಎರಡನೆಯ ‘ಯಾಕೆ’ಗೆ ಉತ್ತರ ಹೇಳತೊಡಗುತ್ತಾರೆ. ಪೂರ್ವಕರ್ಮವೆಂದು ಒಬ್ಬರು, ಮಾರಿಯ ಸಿಟ್ಟೆಂದು ಒಬ್ಬರು. ನಮ್ಮ ಸಭೆಯವರು ಇವೆರಡನ್ನೂ ಬಿಟ್ಟಿದ್ದೇವೆಂದು ಹೇಳಿಕೊಂಡರೂ, ‘ನಿನಗೆ ಪಾಠ ಕಲಿಸಲಿಕ್ಕೆ ದೇವರು ತೆಗೆದುಕೊಂಡನು’ ಎಂದು ಹೇಳುವದಕ್ಕೆ ಹಿಂಜರಿಯುವದಿಲ್ಲ. ಆ ‘ಲಿಕ್ಕೆ’ ಎಂಬ ಎರಡಕ್ಷರವನ್ನು ಸೇರಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಬದು ಕಡಿದ ನೆರೆಯವನ ಒಳಮಾತನ್ನೇ ಕೇಳಲಾರದ ನಾವು ದೇವರ ಒಳಮಾತನ್ನು ಕೇಳಿದವರಂತೆ ಆಡುತ್ತೇವೆ.

ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆಯನ್ನು ಕೇಳಿದರೆಂದು ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಯಾರ ಪಾಪದಿಂದ ಇವನು ಕುರುಡನಾಗಿ ಹುಟ್ಟಿದನೆಂದು ಅವರು ಕೇಳಿದರು. ಗ್ರೀಕಿನಲ್ಲಿ ಆ ಪ್ರಶ್ನೆಯೊಳಗೂ ಕರ್ತನ ಉತ್ತರದೊಳಗೂ ‘ಹಿನ’ ಎಂಬ ಒಂದೇ ಅವ್ಯಯವಿದೆ. ಅದಕ್ಕೆ ಸಾಮಾನ್ಯವಾಗಿ ‘ಆಗಬೇಕೆಂದು’ ಎಂಬ ಅರ್ಥ. ಆದರೆ ಪ್ರಶ್ನೆಯಲ್ಲಿ ಆ ಅರ್ಥವು ಕೂಡದು. ಮಗನು ಕುರುಡನಾಗಿ ಹುಟ್ಟಬೇಕೆಂದು ಯಾವ ತಂದೆತಾಯಿಗಳು ಪಾಪಮಾಡಿಯಾರು? ಅಲ್ಲಿ ಅದು ಫಲವನ್ನು ಮಾತ್ರ ತೋರಿಸುತ್ತದೆ. ಉತ್ತರದಲ್ಲಿ ಭಾಷಾಂತರಕಾರರು ಅದನ್ನು ಉದ್ದೇಶವಾಗಿ ತೆಗೆದುಕೊಳ್ಳುವದು ವಾಡಿಕೆ. ಹಾಗೆ ತೆಗೆದುಕೊಂಡರೆ ದೇವರ ಕ್ರಿಯೆಗಳು ತೋರಿಬರಲೆಂದೇ ಒಬ್ಬನು ಅಷ್ಟು ವರುಷ ಕತ್ತಲೆಯಲ್ಲಿದ್ದನೆಂದು ಕೇಳುವವರಿಗೆ ತೋರುತ್ತದೆ. ಅನೇಕರ ಮನಸ್ಸು ಇಲ್ಲಿ ಎಡವಿದೆ. ಕನ್ನಡದಲ್ಲಿ ‘ಆಗುವಂತೆ’ ಎಂದು ಬರೆದರೆ ಉದ್ದೇಶವೋ ಫಲವೋ ಎಂಬದು ಎರಡು ಕಡೆಗೂ ತೂಗುತ್ತದೆ. ಮೂಲದಲ್ಲಿಯೂ ತೂಗುವದರಿಂದ ಅದನ್ನು ದೋಷವೆಂದು ನಾವು ಹೇಳಲಾರೆವು.

ಇನ್ನೊಂದು ಸಂಗತಿಯನ್ನು ವಾಚಕರು ಲಕ್ಷಿಸಬೇಕು. ಹಳೇ ಗ್ರೀಕ್ ಕೈಬರಹಗಳಲ್ಲಿ ಈಗಿನಂತೆ ವಾಕ್ಯಗಳನ್ನು ಬೇರ್ಪಡಿಸುವ ಚಿಹ್ನೆಗಳಿರಲಿಲ್ಲ. ಅವು ತರುವಾಯದವರು ಇಟ್ಟವು. ಇವನೂ ಪಾಪಮಾಡಲಿಲ್ಲ, ತಂದೆತಾಯಿಗಳೂ ಮಾಡಲಿಲ್ಲ ಎಂಬಲ್ಲಿಯೇ ವಾಕ್ಯವನ್ನು ನಿಲ್ಲಿಸಿ, ಉಳಿದದ್ದನ್ನು ಮುಂದಿನ ವಚನದೊಂದಿಗೆ ಕೂಡಿಸಿ ಓದಬಹುದೆಂದು ಕೆಲವು ಪಂಡಿತರು ಹೇಳಿದ್ದಾರೆ, ಎಲ್ಲರೂ ಒಪ್ಪಿದ್ದಾರೆಂದಲ್ಲ. ಹಾಗೆ ಓದಿದರೆ ‘ಎಂದು’ ಎಂಬ ಮಾತು ಕುರುಡುತನಕ್ಕೆ ಸೇರದೆ ಕೆಲಸಕ್ಕೆ ಸೇರುತ್ತದೆ: ದೇವರ ಕ್ರಿಯೆಗಳು ಇವನಲ್ಲಿ ತೋರಿಬರಲೆಂದು ನಾವು ಹಗಲಿರುವಾಗಲೇ ದುಡಿಯಬೇಕು. ಕ್ರಿಯಾಪದವು ಕೊನೆಗೆ ಬರುವ ನಮ್ಮ ಕನ್ನಡದಲ್ಲಿ ಆ ವಾಕ್ಯವು ಎಲ್ಲಿಯೂ ತೊಡರದೆ ನಿಲ್ಲುತ್ತದೆ. ಆರನೆಯ ವಚನದಲ್ಲಿ ಆತನು ನೆಲದ ಮೇಲೆ ಉಗುಳಿ, ಕೆಸರು ಮಾಡಿ, ಆ ಮನುಷ್ಯನ ಕಣ್ಣುಗಳಿಗೆ ಹಚ್ಚುತ್ತಾನೆ.