ತಿದ್ದುವವರ ಹೊಣೆ

ಕಾರ್ಕಳ ತಾಲೂಕಿನ ನಮ್ಮೂರಲ್ಲಿ ಶಾಲೆಯ ದಾರಿಗೆ ಅಡ್ಡವಾಗಿ ಒಂದು ತೋಡು ಹರಿಯುತ್ತಿತ್ತು. ಮಳೆಗಾಲ ಬಂತೆಂದರೆ ಅಡಿಕೆ ಮರದ ಮೂರು ಕಾಂಡಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕವೇ ಗತಿ. ನಮಗಿಂತ ಮುಂಚೆ ದಾಟಿದವರು ಆಚೆ ದಡದಲ್ಲಿ ಒಂದು ಕ್ಷಣ ನಿಂತು, ‘ನಡುವಿನದ್ದು ಕುಂಬಾಗಿದೆ, ಬಲಬದಿಯದ್ದರ ಮೇಲೆ ಕಾಲಿಡಿ’ ಎಂದು ಕೂಗಿ ಹೇಳುತ್ತಿದ್ದರು. ಹೇಳದೆ ಹೋದವರನ್ನು ಯಾರೂ ದಂಡಿಸುತ್ತಿರಲಿಲ್ಲ. ಆದರೂ ಹೇಳದೆ ಹೋಗುವುದು ಸರಿಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಸಂಕ ನನಗೆ ಮತ್ತೆ ನೆನಪಾದದ್ದು ಮಣಿಪಾಲದ ಬಾಡಿಗೆ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ. ನನ್ನ ಸಂಶೋಧನೆಯ ವಿಷಯ ಗ್ರಂಥಸಂಪಾದನೆ. ಒಂದು ಹಳೆಯ ಕೃತಿಯ ಬೇರೆ ಬೇರೆ ಮುದ್ರಣಗಳನ್ನು ಹೋಲಿಸಬೇಕಿತ್ತು. ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರಗಳನ್ನು ಹೆಕ್ಕಿ ಕೊಡುವ ಒಂದು ಮುಕ್ತ ತಂತ್ರಾಂಶ ಸಿಕ್ಕಿತು. ಅದನ್ನು ಬಳಸುವ ಬಗೆಯನ್ನು ವಿವರಿಸುವ ಡಾಕ್ಯುಮೆಂಟೇಶನ್ ಪುಟವೂ ಇತ್ತು. ಅದರಲ್ಲಿ ಕನ್ನಡದ ಕಡತವನ್ನು ಇಳಿಸಿಕೊಳ್ಳಬೇಕು ಎಂದಿತ್ತು. ಇಳಿಸಿದ್ದನ್ನು ಎಲ್ಲಿ ಇಡಬೇಕು ಎಂದಿರಲಿಲ್ಲ. ಆ ಒಂದು ಸಾಲು ಇಲ್ಲದ ಕಾರಣ ನನ್ನ ಮೂರು ರಾತ್ರಿಗಳು ಹೋದವು. ನಾಲ್ಕನೆಯ ದಿನ ಹೇಗೋ ಸರಿಯಾಯಿತು. ಚಹಾ ಕುಡಿಯುವಾಗ ಪಕ್ಕದ ಕೋಣೆಯ ಗೆಳೆಯನ ಹತ್ತಿರ ನನ್ನ ಪ್ರತಾಪ ಹೇಳಿಕೊಂಡೆ. ಅವನು, ‘ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ ಮಾರಾಯ? ಅಲ್ಲಿಯೇ ಬರೆದು ಹಾಕು. ಮೇಲೆ ಪೆನ್ಸಿಲ್ ಉಂಟಲ್ಲ’ ಎಂದ.

ಪೆನ್ಸಿಲ್ ಇತ್ತು. ಗಿಟ್‌ಹಬ್‌ನಲ್ಲಿ ಇಂಥ ಪುಟಗಳ ಮೇಲೆ ಒಂದು ಪುಟ್ಟ ಪೆನ್ಸಿಲಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಬ್ರೌಸರಿನಲ್ಲಿಯೇ ಪುಟ ತಿದ್ದಲು ತೆರೆದುಕೊಳ್ಳುತ್ತದೆ. ನಮ್ಮ ಕಂಪ್ಯೂಟರಿಗೆ ಬೇರೇನನ್ನೂ ಹಾಕಿಕೊಳ್ಳಬೇಕಿಲ್ಲ, ಪ್ರೋಗ್ರಾಮಿಂಗ್ ಗೊತ್ತಿರಬೇಕೆಂದಿಲ್ಲ. ಮೂಲಪುಟಕ್ಕೆ ಕೈಹಾಕುವ ಅಧಿಕಾರ ನಮಗಿಲ್ಲದಿದ್ದರೆ ಅದು ನಮ್ಮ ಹೆಸರಿನಲ್ಲಿ ಒಂದು ಪ್ರತಿ ಮಾಡಿಕೊಡುತ್ತದೆ. ತಿದ್ದಿದ ಮೇಲೆ ಏನು ಬದಲಿಸಿದೆವು, ಏಕೆ ಬದಲಿಸಿದೆವು ಎಂದು ಒಂದೆರಡು ಸಾಲು ಬರೆದು ಕಳಿಸಬೇಕು. ಇದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಯೋಜನೆಯನ್ನು ನೋಡಿಕೊಳ್ಳುವವರ ಮುಂದೆ ತೆಗೆದ ಸಾಲು ಕೆಂಪಿನಲ್ಲಿ, ಸೇರಿಸಿದ ಸಾಲು ಹಸಿರಿನಲ್ಲಿ ಕಾಣುತ್ತದೆ. ಅವರು ಒಪ್ಪಿದರೆ ಮಾತ್ರ ಮೂಲಪುಟ ಬದಲಾಗುತ್ತದೆ.

ಇಷ್ಟು ಸುಲಭವಿರುವಾಗ ಮೊದಲ ಪ್ರಶ್ನೆ ಏಳುತ್ತದೆ: ಇದನ್ನು ಮಾಡುವುದು ನನ್ನ ಕರ್ತವ್ಯವೇ? ಉಚಿತವಾಗಿ ಪಡೆದದ್ದಕ್ಕೆ ಋಣ ತೀರಿಸಬೇಕು ಎನ್ನುವ ಉತ್ತರ ನನಗೆ ಸಾಕೆನಿಸುವುದಿಲ್ಲ. ಕೊಟ್ಟವರು ಏನನ್ನೂ ಕೇಳದೆ ಕೊಟ್ಟಿದ್ದಾರೆ. ನಾನು ಸುಮ್ಮನಿದ್ದರೂ ಅವರಿಗೆ ನಷ್ಟವಿಲ್ಲ. ನಷ್ಟವಾಗುವುದು ನನ್ನ ಹಿಂದೆ ಬರುವವರಿಗೆ. ನಾನು ಎಡವಿದ ಜಾಗ ನನಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಸಂಕ ಕಟ್ಟಿದವರು ಅದರ ಮೇಲೆ ಎಷ್ಟೋ ಸಲ ನಡೆದವರು. ಎಲ್ಲಿ ಕಾಲಿಡಬೇಕೆಂದು ಅವರ ಕಾಲಿಗೇ ಗೊತ್ತು, ಬಾಯಲ್ಲಿ ಹೇಳಬೇಕೆಂದು ಹೊಳೆಯುವುದಿಲ್ಲ. ತಂತ್ರಾಂಶ ಬರೆದವರ ಪಾಡೂ ಅದೇ. ಹೊಸಬರಿಗೆ ಎಲ್ಲಿ ಕಷ್ಟ ಎಂದು ಹೇಳಬಲ್ಲವರು ಈಗಷ್ಟೇ ಕಷ್ಟಪಟ್ಟ ಹೊಸಬರೇ. ಆ ತಿಳಿವಳಿಕೆ ಹೆಚ್ಚು ದಿನ ಉಳಿಯುವುದೂ ಇಲ್ಲ. ಎರಡು ತಿಂಗಳು ಕಳೆದರೆ ನನಗೂ ಅದು ಕಷ್ಟವೇ ಆಗಿರಲಿಲ್ಲ ಅನಿಸುತ್ತದೆ. ಹಾಗಾಗಿ ಹೇಳುವುದಿದ್ದರೆ ಆಗಲೇ ಹೇಳಬೇಕು.

ಹೀಗೆಲ್ಲ ಯೋಚಿಸಿ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹಮ್ಮಿನಲ್ಲಿ, ಕಡತವನ್ನು ಯಾವ ಫೋಲ್ಡರಿನಲ್ಲಿ ಇಡಬೇಕೆಂದು ಒಂದು ಸಾಲು ಬರೆದು ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು. ನೋಡಿದವರು ಯಾವ ದೇಶದವರೋ ಗೊತ್ತಿಲ್ಲ. ಧನ್ಯವಾದ ಹೇಳಿ, ಇದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಂಪ್ಯೂಟರಿನಲ್ಲಿ ನೋಡಿದ್ದೀರಾ ಎಂದು ಕೇಳಿದ್ದರು. ನೋಡಿರಲಿಲ್ಲ. ಆ ಸಂಜೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಮಾಡಿದಾಗ ನನ್ನ ಸಾಲು ಕೆಲಸ ಮಾಡಲಿಲ್ಲ. ಹಿಂದೆ ಯಾವಾಗಲೋ ನಾನೇ ಹಾಕಿಕೊಂಡಿದ್ದ ಹಳೆಯ ಆವೃತ್ತಿಯೊಂದು ನನ್ನ ಯಂತ್ರದಲ್ಲಿ ಉಳಿದಿತ್ತು; ಆ ಫೋಲ್ಡರ್ ಇದ್ದದ್ದೇ ಅದರಿಂದ. ಉಳಿದವರ ಯಂತ್ರದಲ್ಲಿ ಅದು ಇರುವುದೇ ಇಲ್ಲ. ಮೊದಲಿನ ಪುಟದಲ್ಲಿ ಒಂದು ಸಾಲಿನ ಕೊರತೆ ಇತ್ತು. ನನ್ನದು ಸೇರಿದ್ದರೆ ಒಂದು ತಪ್ಪು ಸಾಲು ಇರುತ್ತಿತ್ತು. ದಾರಿ ಹೇಳದೆ ಇರುವುದಕ್ಕಿಂತ ತಪ್ಪು ದಾರಿ ಹೇಳುವುದು ಕೆಟ್ಟದ್ದು.

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಇದು ನನ್ನ ವಿಷಯದಲ್ಲಿ ಮೊದಲ ವರ್ಷವೇ ಕಲಿಸುವ ಪಾಠ. ಓಲೆಗರಿಯ ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಪ್ರತಿಕಾರ, ತಪ್ಪಿದ್ದರೆ ಬಲ್ಲವರು ಕ್ಷಮಿಸಿ ತಿದ್ದಿಕೊಳ್ಳಬೇಕೆಂದು ಬೇಡಿಕೊಂಡಿರುತ್ತಾನೆ. ಅದು ಆ ಕಾಲದ ಪೆನ್ಸಿಲ್ ಗುರುತು ಎನ್ನಬಹುದು. ಆದರೆ ಹಸ್ತಪ್ರತಿಗಳನ್ನು ಹೋಲಿಸುವವರಿಗೆ ಹೆಚ್ಚು ತೊಂದರೆ ಕೊಡುವವನು ಏನೂ ತಿಳಿಯದೆ ಕಂಡದ್ದನ್ನು ಕಂಡಂತೆ ನಕಲು ಮಾಡಿದವನಲ್ಲ. ಅವನ ತಪ್ಪು ತಪ್ಪಿನ ಹಾಗೆಯೇ ಕಾಣುತ್ತದೆ. ಅರ್ಧ ತಿಳಿದು, ಅಪರೂಪದ ಪದವನ್ನು ತಪ್ಪೆಂದು ಬಗೆದು, ತನಗೆ ಗೊತ್ತಿರುವ ಪದ ಹಾಕಿದವನ ತಪ್ಪು ಸರಿಯ ಹಾಗೆ ಕಾಣುತ್ತದೆ. ಆದ್ದರಿಂದಲೇ ಸಂಪಾದಕರು ತಾವು ಕೈಬಿಟ್ಟ ಪಾಠವನ್ನೂ ಯಾವ ಪ್ರತಿಯಲ್ಲಿದೆಯೆಂದು ಹೇಳಿ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ನಾಳೆ ಇನ್ನೊಬ್ಬರು ಬಂದು, ನೀವು ಬಿಟ್ಟದ್ದೇ ಸರಿ ಎನ್ನಲು ಅವಕಾಶ ಇರಬೇಕು. ಗಿಟ್ ಇಟ್ಟುಕೊಳ್ಳುವ ಇತಿಹಾಸವೂ ಇದೇ ಕೆಲಸ ಮಾಡುತ್ತದೆ. ಹಳೆಯ ಸಾಲು ಅಳಿಯುವುದಿಲ್ಲ; ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಜೊತೆಗಿರುತ್ತದೆ. ನನ್ನ ತಿದ್ದುಪಡಿಯನ್ನು ಇನ್ನೊಬ್ಬರು ತಿದ್ದಲು ಬರುವಂತಿದ್ದರೆ ಮಾತ್ರ ತಿದ್ದುವ ಹಕ್ಕು ನನಗಿದೆ ಎಂದು ನನಗೆ ಈಗ ಅನಿಸುತ್ತದೆ.

ಹಾಗಾದರೆ ಯಾರಾದರೂ ನೋಡಿ ಒಪ್ಪಿದ ಮೇಲೆಯೇ ತಿದ್ದುಪಡಿ ಸೇರಬೇಕೆ? ಇಲ್ಲಿ ಎರಡು ಕ್ರಮಗಳಿವೆ, ಎರಡೂ ನಮ್ಮ ಉಡುಪಿಯವರಿಗೆ ಪರಿಚಿತವೇ. ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು. ಯು. ಪಿ. ಉಪಾಧ್ಯಾಯರು ಅದರ ಪ್ರಧಾನ ಸಂಪಾದಕರು. ಅಲ್ಲಿ ಪ್ರತಿ ಪದವೂ ಸಂಪಾದಕರ ಕಣ್ಣು ದಾಟಿಯೇ ಬಂದದ್ದು. 2016ರ ಆಗಸ್ಟ್‌ನಲ್ಲಿ ಆರಂಭವಾದ ತುಳು ವಿಕಿಪೀಡಿಯದಲ್ಲಿ ಯಾರು ಬರೆದರೂ ಅದು ಆ ಕ್ಷಣದಲ್ಲಿಯೇ ಕಾಣುತ್ತದೆ; ತಪ್ಪಿದ್ದರೆ ಆಮೇಲೆ ಇನ್ನೊಬ್ಬರು ತಿದ್ದುತ್ತಾರೆ. ಬರೆಯುವವರೇ ಕಡಿಮೆಯಿರುವ ಭಾಷೆಯಲ್ಲಿ ಬಾಗಿಲಲ್ಲಿ ಕಾವಲು ಕೂರಿಸಿದರೆ ಒಳಗೆ ಬರುವವರೇ ಇರುವುದಿಲ್ಲ. ಅಲ್ಲಿ ಆ ಕ್ರಮವೇ ಸರಿ.

ಆದರೆ ತಂತ್ರಾಂಶದ ಡಾಕ್ಯುಮೆಂಟೇಶನ್ ಓದಿ ಬಿಡುವ ಬರಹವಲ್ಲ, ಓದಿದ ಹಾಗೆ ಮಾಡುವ ಬರಹ. ಲೇಖನದಲ್ಲಿ ಇಸವಿ ತಪ್ಪಿದ್ದರೆ ಓದುಗನಿಗೆ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಇಲ್ಲಿ ಒಂದು ಆಜ್ಞೆ ತಪ್ಪಿದ್ದರೆ ಯಾರದ್ದೋ ಕಡತಗಳು ಅಳಿಸಿಹೋಗಬಹುದು. ವೆಬ್ ಕಲಿಯುವವರೆಲ್ಲ ನೋಡುವ ಮೊಜಿಲ್ಲಾದ ಎಂ.ಡಿ.ಎನ್. ವರ್ಷಗಟ್ಟಲೆ ವಿಕಿಯಾಗಿತ್ತು. 2020ರ ಡಿಸೆಂಬರಿನಲ್ಲಿ ಅದು ಗಿಟ್‌ಹಬ್‌ಗೆ ಬಂತು. ಅಲ್ಲಿಂದೀಚೆಗೆ ಬದಲಾವಣೆ ಪುಟ ಸೇರುವ ಮುಂಚೆ ಇನ್ನೊಬ್ಬರು ನೋಡುತ್ತಾರೆ. ಇದನ್ನು ಅಪನಂಬಿಕೆ ಎನ್ನಲಾರೆ. ನನ್ನನ್ನು ಪ್ರಶ್ನಿಸಿದವರು ನನ್ನ ಪ್ರಾಮಾಣಿಕತೆಯನ್ನು ಅನುಮಾನಿಸಲಿಲ್ಲ, ಪ್ರಯೋಗ ಮಾಡಿದ್ದೀರಾ ಎಂದಷ್ಟೇ ಕೇಳಿದರು. ಆದರೆ ನೋಡುವವರಿಗೂ ಒಂದು ಹೊಣೆಯಿದೆ, ಉತ್ತರ ಕೊಡುವುದು. ಬೇಡವೆಂದರೂ ಕಾರಣ ಹೇಳಬೇಕು. ತಿಂಗಳುಗಟ್ಟಲೆ ಯಾರೂ ನೋಡದೆ ಬಿದ್ದಿರುವ ತಿದ್ದುಪಡಿಗಳು ಬೇಕಾದಷ್ಟಿವೆ. ಕಳಿಸಿದವರು ಎರಡನೆಯ ಸಲ ಆ ಕಡೆ ತಲೆ ಹಾಕುವುದಿಲ್ಲ.

ಇದೆಲ್ಲ ಪುಕ್ಕಟೆ ಕೂಲಿ ಎನ್ನುವ ಗೆಳೆಯರೂ ನನಗಿದ್ದಾರೆ. ಮುಕ್ತ ತಂತ್ರಾಂಶವನ್ನು ದೊಡ್ಡ ಕಂಪನಿಗಳೂ ಬಳಸಿ ಹಣ ಮಾಡುತ್ತವೆ, ನೀನು ಅವರ ಅಂಗಳ ಗುಡಿಸುತ್ತಿದ್ದೀಯ ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಲಾಭ ಮಾಡುವವರು ಇಂಥ ಯೋಜನೆಗಳಿಗೆ ಹಣ ಕೊಡಬೇಕು ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಈ ಲೇಖನವನ್ನು ನಾನು ಟೈಪ್ ಮಾಡುತ್ತಿರುವ ಕೀಲಿಮಣೆ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾಯರದ್ದು, ನಾವೆಲ್ಲ ಕೆ. ಪಿ. ರಾವ್ ಎಂದು ಕರೆಯುವವರದ್ದು. ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ ವಿನ್ಯಾಸ. ಅವರು ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಅದರಿಂದ ಸಂಪಾದಿಸಿದವರೂ ಇರಬಹುದು, ನನ್ನ ಹಾಗೆ ಪ್ರಬಂಧ ಬರೆದವರೂ ಇದ್ದೇವೆ. ಸಂಕದ ಮೇಲೆ ಶ್ರೀಮಂತರೂ ನಡೆಯುತ್ತಾರೆಂದು, ಹಿಂದೆ ಬರುವ ಮಗುವಿಗೆ ಕುಂಬಾದ ಕಾಂಡ ತೋರಿಸದೆ ಹೋಗಲು ನನ್ನಿಂದಾಗುವುದಿಲ್ಲ.

ಆ ಸಾಲನ್ನು ಮತ್ತೆ ಬರೆದೆ, ಈ ಸಲ ಎರಡು ಬೇರೆ ಯಂತ್ರಗಳಲ್ಲಿ ಮಾಡಿ ನೋಡಿ. ಒಪ್ಪಿಗೆಯಾಯಿತು. ಕೆಲವು ತಿಂಗಳ ಬಳಿಕ, ಕಾಪುವಿನಿಂದ ದಿನವೂ ಬಸ್ಸಿನಲ್ಲಿ ಬರುವ ಎಂ.ಎ. ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧಕ್ಕೆ ಅದೇ ತಂತ್ರಾಂಶ ಹಾಕಿಕೊಂಡಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನನ್ನ ಸಾಲನ್ನು ಅವಳು ಓದಿದಳು, ಕಡತವನ್ನು ಸರಿಯಾದ ಕಡೆ ಇಟ್ಟಳು, ಮುಂದೆ ಹೋದಳು. ಅದನ್ನು ಯಾರು ಬರೆದರೆಂದು ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಎರಡು ಸಾಲು ಕೆಳಗೆ ಬಂದು ನಿಂತುಬಿಟ್ಟಳು.

‘ಅಣ್ಣಾ, ಇದು ಎಂತ ಹೇಳಿದ್ದೆಂದೇ ಅರ್ಥ ಆಗುವುದಿಲ್ಲ. ಯಾರು ಬರೆದದ್ದೋ!’

ಆ ಸಾಲು ನನಗೆ ಯಾವತ್ತೂ ಕಷ್ಟವೆನಿಸಿರಲಿಲ್ಲ. ಅವಳಿಗೆ ಅರ್ಥವಾಗುವವರೆಗೆ ಇಬ್ಬರೂ ಕೂತು ಬಿಡಿಸಿದೆವು. ಆಮೇಲೆ ಮೇಲಿನ ಪೆನ್ಸಿಲನ್ನು ತೋರಿಸಿ, ‘ಬರೆ. ಆದರೆ ಕಳಿಸುವ ಮುಂಚೆ ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿ ನೋಡು’ ಎಂದೆ.