ನರತಂತುವಿನ ವಿದ್ಯುತ್ತು ಮತ್ತು ವ್ಯಾಪಾರಿಯ ಅಹಿಂಸೆ

ಜೀವಿಗಳನ್ನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸುವ ಕ್ರಮ ನಮ್ಮ ಮನೆಗಳ ಮಕ್ಕಳಿಗೂ ತಿಳಿದುದೇ. ಆದರೆ ಸ್ಪರ್ಶದ ಸುದ್ದಿ ಚರ್ಮದಿಂದ ಒಳಗೆ ಸಾಗುವ ಬಗೆಯನ್ನು ನಾವು ವಿಚಾರಿಸುವುದು ವಿರಳ.

ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪ್ರಚೋದನೆ ಒದಗಿದೊಡನೆ ಕೋಶಪೊರೆಯ ಸೂಕ್ಷ್ಮ ದ್ವಾರಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗದಲ್ಲಿ ಆ ದ್ವಾರಗಳು ಮುಚ್ಚಿ, ಪೊಟ್ಯಾಸಿಯಂ ಹೊರಹರಿದು, ಕೋಶವು ಪೂರ್ವಸ್ಥಿತಿಗೆ ಮರಳುತ್ತದೆ. ಈ ಅಲೆ ನರದುದ್ದಕ್ಕೂ ಸಾಗುವುದೇ ಸಂದೇಶ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಆಂಗ್ಲ ವಿಜ್ಞಾನಿಗಳು 1952ರಲ್ಲಿ ಇದನ್ನು ವಿವರಿಸಿ, 1963ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೊಗರಿ ಬೆಳೆಗಾರರಿಗೆ ಕಾಯಿಕೊರಕ ಹುಳುವಿನ ಕಾಟ ಹೊಸದಲ್ಲ. ಅದಕ್ಕೆ ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂಥ ವಿಷವು ಮೇಲೆ ಹೇಳಿದ ಸೋಡಿಯಂ ದ್ವಾರವನ್ನೇ ಸಕಾಲದಲ್ಲಿ ಮುಚ್ಚಗೊಡುವುದಿಲ್ಲ. ನರವು ಬಿಡುವಿಲ್ಲದೆ ಮಿಡಿದು, ಹುಳು ನಡುಗಿ, ನಿಶ್ಚೇಷ್ಟಿತವಾಗಿ ಸಾಯುತ್ತದೆ. ಮನುಷ್ಯನ ನರದಲ್ಲಿಯೂ ಇಂಥದೇ ದ್ವಾರವುಂಟು. “ಎಣ್ಣಿ ಹೊಡದ ದಿನಾ ಮಾರಿ ಚುಣುಚುಣು ಅಂತದ್ರಿ ಸಾವ್ಕಾರ್ರ” ಎಂದು ರೈತರೊಬ್ಬರು ನನ್ನ ಅಂಗಡಿಯಲ್ಲಿ ಹೇಳಿದಾಗ ಆ ಮಾತಿನ ಅರ್ಥ ನನಗೆ ಹೊಳೆಯಿತು.

ಹುಳುವಿನಲ್ಲಿ ನಡೆಯುವುದು ಬರಿಯ ರಾಸಾಯನಿಕ ಕ್ರಿಯೆ, ಅದಕ್ಕೆ ನೋವೆಲ್ಲಿಯದು ಎಂದು ಕೆಲವರು ಕೇಳಬಹುದು. ನಮ್ಮ ಶಾಸ್ತ್ರವು ದ್ರವ್ಯೇಂದ್ರಿಯ, ಭಾವೇಂದ್ರಿಯ ಎಂದು ಭೇದ ಮಾಡಿದೆ. ಉಪಕರಣವು ಅಳೆಯುವುದು ಮೊದಲನೆಯದನ್ನು ಮಾತ್ರ, ಅರಿಯುವವನು ಜೀವ. ಅಳತೆಗೆ ಸಿಗದುದನ್ನು ಇಲ್ಲವೆನ್ನುವುದು ಪ್ರಮಾದ, ಪ್ರಮಾದವೇ ಹಿಂಸೆಯ ಮೂಲ.

ವಿಷವಾಣಿಜ್ಯವು ಶ್ರಾವಕನಿಗೆ ನಿಷಿದ್ಧ. ನಾನು ಕೀಟನಾಶಕ ಮಾರುವವನಲ್ಲವೆಂದು ಬಹುಕಾಲ ಸಮಾಧಾನದಿಂದಿದ್ದೆ. ಆದರೆ ಹತ್ತು ಕೊರೆದ ಕಾಳು ಕಂಡೊಡನೆ ಇಡೀ ಚೀಲದ ದರ ಇಳಿಸುವವನು ನಾನೇ ಅಲ್ಲವೇ? ಆ ಭಯದಿಂದಲೇ ರೈತ ಮತ್ತೊಮ್ಮೆ ಸಿಂಪಡಿಸುತ್ತಾನೆ. ಪಂಪು ಅವನ ಹೆಗಲ ಮೇಲಿದ್ದರೂ ಪಾಪದ ಪಾಲು ನನ್ನ ತಕ್ಕಡಿಯಲ್ಲಿಯೂ ಇದೆ.

ಬೆಳೆ ಉಳಿಸಿಕೊಳ್ಳುವ ರೈತನದು ಸಂಕಲ್ಪೀ ಹಿಂಸೆಯಲ್ಲ. ಅವನನ್ನು ದೂಷಿಸುವುದು ಅನ್ಯಾಯ. ನಮ್ಮ ಕೈಲಾದುದನ್ನು ನಾವು ಮಾಡೋಣ. ಕೊರೆದ ಕಾಳನ್ನು ಬೇರ್ಪಡಿಸಿ ಅದಕ್ಕಷ್ಟೇ ದರ ಕಡಿಮೆ ಮಾಡೋಣ. ಹುಳುಗಳನ್ನು ಎಣಿಸಿ, ಅವಶ್ಯವಿದ್ದರೆ ಮಾತ್ರ ಸಿಂಪಡಿಸುವವರ ಮಾಲನ್ನು ಮೊದಲು ಕೊಳ್ಳೋಣ. ಟ್ರಸ್ಟುಗಳು ಸಿಂಪಡಿಸುವ ಕೂಲಿಕಾರರಿಗೆ ಕೈಗವಸು, ಮುಖಕವಚಗಳನ್ನು ದಾನ ಮಾಡಲಿ. ಹಿಂಸೆ ಪೂರ್ಣ ನಿಲ್ಲದು. ನಮ್ಮಿಂದ ಹೆಚ್ಚುವುದಾದರೂ ನಿಲ್ಲಲಿ.